ಪತ್ಯ ಬರೋಬ್ಬರಿ ನಡದದರಿ

ಹೊಟ್ಟೆನೋವಿಗೆ ನಮ್ಮ ಕಡೆ ಒಂದೇ ಹೆಸರು, ಗ್ಯಾಸ್. ಅಪೆಂಡಿಕ್ಸ್ ಬಾತರೂ ಗ್ಯಾಸ್, ಪಿತ್ತಕೋಶದಲ್ಲಿ ಕಲ್ಲು ಕೂತರೂ ಗ್ಯಾಸ್, ಕರುಳು ಇಕ್ಕಟ್ಟಾಗಿ ಗುಟುಕು ನೀರು ಕೆಳಗಿಳಿಯದಿದ್ದರೂ ಗ್ಯಾಸ್. ಹುಮನಾಬಾದಿನಲ್ಲಿ ಕೆಲವು ವರ್ಷ, ಆಮೇಲೆ ಬಸವಕಲ್ಯಾಣದ ನನ್ನದೇ ಸಣ್ಣ ದವಾಖಾನೆಯಲ್ಲಿ ಬಹಳ ವರ್ಷ ಸರ್ಜನ್ ಆಗಿ ದುಡಿದವನು ನಾನು. ಈಗ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಆದರೂ ಯಾರಾದರೂ ಹೊಟ್ಟೆ ಹಿಡಿದುಕೊಂಡು ಬಂದು "ಜರಾ ಗ್ಯಾಸ್ ಆಗ್ಯಾದರಿ" ಅಂದರೆ ಮೈಯೆಲ್ಲ ಉರಿಯುತ್ತದೆ.

ದವಾಖಾನೆಯನ್ನು ಈಗ ನಡೆಸುತ್ತಿರುವವರು ಗಂಡ ಹೆಂಡತಿ ಇಬ್ಬರು ಡಾಕ್ಟರು. ಚುರುಕಾದವರು, ದೊಡ್ಡ ಊರಿನಲ್ಲಿ ಕಲಿತು ಬಂದವರು. ಕರುಳಿನ ಉರಿಯೂತದ ರೋಗಿಗಳನ್ನು, ಅದರಲ್ಲೂ ಕರುಳು ಇಕ್ಕಟ್ಟಾದವರನ್ನು ಇಲ್ಲಿ ಹೇಗೆ ನೋಡಿಕೊಳ್ಳುತ್ತಿದ್ದಿರಿ, ನಮಗೆ ಬರೆದುಕೊಡಿ ಸರ್ ಎಂದು ಕೇಳಿದರು. ಬರೆಯಲು ಕೂತೆ. ನನ್ನ ಹೆಂಡತಿ ಚಹಾ ಇಡಲು ಬಂದವಳು ಮೇಲಿನ ಸಾಲುಗಳ ಮೇಲೆ ಕಣ್ಣಾಡಿಸಿ, "ಇತ್ತಾ ಗುಸ್ಸಾ ಕಾಯ್ಕು? ರಿಟೈರ್ ಹೋ ಗಯೆ ನಾ?" ಅಂದಳು. ಇಷ್ಟು ಸಿಟ್ಟು ಯಾಕೆ ಎಂದು ಅವಳ ಪ್ರಶ್ನೆ. ಹೌದು, ದವಾಖಾನೆಯಿಂದ ನಿವೃತ್ತನಾಗಿದ್ದೇನೆ. ಸಿಟ್ಟಿನಿಂದ ಇನ್ನೂ ಆಗಿಲ್ಲ.

ಪುಸ್ತಕದ ಮಾತು ನಿಮಗೆ ಗೊತ್ತಿರುವುದೇ. ಕ್ರೋನ್ಸ್ ಎಂಬ ಕಾಯಿಲೆಯಲ್ಲಿ ಕರುಳಿನ ಗೋಡೆ ಬಾಯುತ್ತದೆ, ಹುಣ್ಣಾಗುತ್ತದೆ, ಮಾಗುತ್ತದೆ, ಮತ್ತೆ ಬಾಯುತ್ತದೆ. ಹೀಗೆ ಆಗಿ ಆಗಿ ಗೋಡೆ ದಪ್ಪವಾಗಿ ಒಳದಾರಿ ಕಿರಿದಾಗುತ್ತದೆ. ಬಾವಿನಿಂದಾದ ಇಕ್ಕಟ್ಟು ಔಷಧಿಗೆ ಸಡಿಲುತ್ತದೆ. ಗಾಯ ಮಾಗಿ ಗಟ್ಟಿಯಾದ ಇಕ್ಕಟ್ಟು ಯಾವ ಗುಳಿಗೆಗೂ ಬಗ್ಗುವುದಿಲ್ಲ. ಅದನ್ನು ದುರ್ಬೀನಿನ, ಅಂದರೆ ಎಂಡೋಸ್ಕೋಪಿನ, ಮೂಲಕ ಬಲೂನು ಹಾಕಿ ಹಿಗ್ಗಿಸಬೇಕು, ಇಲ್ಲವೇ ಆಪರೇಷನ್ ಮಾಡಬೇಕು. ಇಷ್ಟು ಪುಸ್ತಕದಲ್ಲಿದೆ. ಈ ರೋಗಿ ನಿಮ್ಮ ಬಾಗಿಲಿಗೆ ಬರುವ ಮೊದಲು ಎಲ್ಲೆಲ್ಲಿ ಅಲೆದು ಬಂದಿರುತ್ತಾನೆ ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ನಾಭಿ ಸರಿದಿದೆ ಎಂದು ಯಾರದೋ ಕೈಯಲ್ಲಿ ಹೊಟ್ಟೆ ತಿಕ್ಕಿಸಿಕೊಂಡಿರುತ್ತಾನೆ. ಉಬ್ಬಿ ನಿಂತ ಕರುಳನ್ನು ಎಣ್ಣೆ ಹಚ್ಚಿ ತಿಕ್ಕುವುದು ಅಂದರೆ ಅದು ಹರಿದುಹೋಗಲಿ ಎಂದು ಕೇಳಿಕೊಂಡ ಹಾಗೆ. ಅದಾದ ಮೇಲೆ ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ. ಆ ಗುಳಿಗೆಯೇ ಕ್ರೋನ್ಸ್ ಅನ್ನು ಕೆರಳಿಸುತ್ತದೆ ಎಂದು ಅಂಗಡಿಯವನಿಗೂ ಗೊತ್ತಿಲ್ಲ, ನುಂಗಿದವನಿಗೂ ಗೊತ್ತಿಲ್ಲ. ಅದಕ್ಕೂ ಬಗ್ಗದಿದ್ದರೆ ಯಾವುದೋ ಕ್ಲಿನಿಕ್ಕಿನ ಬೆಂಚಿನ ಮೇಲೆ ಮಲಗಿ ಒಂದು ಸಲಾಯಿನ್ ಏರಿಸಿಕೊಂಡು, ವಾಂತಿ ನಿಂತ ಕೂಡಲೇ ಎದ್ದು ಬಸ್ಸು ಹತ್ತಿ ಮನೆಗೆ ಹೋಗಿರುತ್ತಾನೆ. ಮುಂದಿನ ತಿಂಗಳು ಮತ್ತೆ ಅದೇ ಬೆಂಚು, ಅದೇ ಸಲಾಯಿನ್. ಇಷ್ಟೆಲ್ಲ ಆದ ಮೇಲೆ ಎಲುಬಿನ ಹಂದರವಾಗಿ ನಮ್ಮ ಬಳಿ ಬಂದು, "ನಿಮ್ಮ ಕೈಗುಣ ಚಲೋ ಅದ ಅಂತರಿ" ಅನ್ನುತ್ತಾನೆ.

ಹುಮನಾಬಾದಿನಲ್ಲಿ ನಾನು ಮೊದಲು ಸೇರಿದ್ದು ಒಂದು ಖಾಸಗಿ ನರ್ಸಿಂಗ್ ಹೋಮಿಗೆ. ಅದು ಈಗ ಇಲ್ಲ. ಅದರ ಯಜಮಾನರನ್ನು ಊರೆಲ್ಲ ದೊಡ್ಡ ಡಾಕ್ಟರು ಅನ್ನುತ್ತಿತ್ತು. ಕೈ ಬಹಳ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವರ ದೃಷ್ಟಿಯಲ್ಲಿ ಕರುಳಿನ ಇಕ್ಕಟ್ಟು ಅಂದರೆ ಟಿ.ಬಿ. ಬೇರೆ ಮಾತೇ ಇಲ್ಲ. ನಾನೊಮ್ಮೆ ಒಬ್ಬ ರೋಗಿಗೆ ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಸರ್, ಇದು ಕ್ರೋನ್ಸ್ ಇರಬಹುದು ಅಂದೆ.

"ಏ ತಮ್ಮಾ, ಅದು ಇಂಗ್ಲೆಂಡಿನವರ ರೋಗ," ಅಂದರು. "ಅವರು ಬ್ರೆಡ್ ತಿಂತಾರ, ಅವರಿಗಿ ಬರ್ತದ. ಜ್ವಾಳದ ರೊಟ್ಟಿ ತಿನ್ನಾವರಿಗಿ ಅದು ಎಲ್ಲಿಂದ ಬರಬೇಕು? ಟಿ.ಬಿ. ಗುಳಿಗಿ ಚಾಲು ಮಾಡು."

ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇರಲಿಲ್ಲ. ನಮ್ಮ ಕಡೆ ಕರುಳಿನ ಟಿ.ಬಿ. ಇದ್ದೇ ಇದೆ. ಎರಡೂ ಕಾಯಿಲೆ ಅಕ್ಕತಂಗಿಯರಂತೆ ಕಾಣುತ್ತವೆ. ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರೂ ಎಷ್ಟೋ ಸಲ ಇದೇ ಅದು ಎಂದು ಹೇಳಲು ಬರುವುದಿಲ್ಲ. ಗುಳಿಗೆ ನುಂಗಿ ಗುಣವಾದವರನ್ನು ನಾನೇ ನೋಡಿದ್ದೇನೆ. ನನ್ನ ತಕರಾರು ಗುಣವಾಗದವರ ಬಗ್ಗೆ. ಒಂದು ಸುತ್ತು ಗುಳಿಗೆ ಮುಗಿಸಿಯೂ ಹೊಟ್ಟೆ ಹಿಡಿದುಕೊಂಡು ಬಂದವನಿಗೆ ದೊಡ್ಡ ಡಾಕ್ಟರು ಇನ್ನೊಂದು ಸುತ್ತು ಶುರು ಮಾಡುತ್ತಿದ್ದರು. ತಾವು ತಪ್ಪಿರಬಹುದು ಎಂಬ ಸಂಶಯ ಆ ಮನುಷ್ಯನ ಹತ್ತಿರ ಸುಳಿಯುತ್ತಲೇ ಇರಲಿಲ್ಲ. ಔಷಧಿ ಸೋತರೆ ರೋಗಿ ಸರಿಯಾಗಿ ನುಂಗಿಲ್ಲ ಎಂದು ಅರ್ಥ. ರೋಗಿ ಸರಿಯಾಗಿ ನುಂಗಿದ್ದರೆ ಗುಳಿಗೆಯ ಕಂಪನಿ ಸರಿಯಿಲ್ಲ ಎಂದು ಅರ್ಥ.

ಹೊಟ್ಟೆ ತೆರೆದಾಗಲೂ ಹಾಗೆಯೇ. ಕೆಟ್ಟದ್ದು ಕಂಡಲ್ಲಿಂದ ಒಳ್ಳೆಯದು ಸಿಗುವವರೆಗೆ ಕತ್ತರಿಸುತ್ತಾ ಹೋಗಬೇಕು ಎನ್ನುವುದು ಆಗಿನ ಪಾಠ. ಅವರೊಬ್ಬರದೇ ತಪ್ಪಲ್ಲ, ನಾವೆಲ್ಲ ಹಾಗೆಯೇ ಕಲಿತಿದ್ದೆವು. ತಟ್ಟೆಯಲ್ಲಿ ಬಿದ್ದ ಕರುಳಿನ ಉದ್ದವನ್ನು ನಾನು ಮನಸ್ಸಿನಲ್ಲೇ ಅಳೆಯುತ್ತಿದ್ದೆ. ಈ ಕಾಯಿಲೆ ಕತ್ತರಿಸಿದರೆ ಹೋಗುವುದಲ್ಲ, ಹೊಲಿದ ಜಾಗದಲ್ಲೇ ಮತ್ತೆ ಬಂದು ಕೂರುತ್ತದೆ. ಪ್ರತಿ ಸಲವೂ ಮೊಳ ಮೊಳ ತೆಗೆಯುತ್ತಾ ಹೋದರೆ ಉಂಡದ್ದನ್ನು ಹೀರಿಕೊಳ್ಳಲು ಕರುಳೇ ಉಳಿಯುವುದಿಲ್ಲ. ಮುಂದೆ ಹೈದರಾಬಾದಿನಲ್ಲಿ ನನ್ನ ಸಹಪಾಠಿಯೊಬ್ಬ ಕರುಳಿನ ಸರ್ಜನ್ ಆದ. ಇಕ್ಕಟ್ಟಾದ ಕಡೆ ಕರುಳನ್ನು ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿಯುವುದನ್ನು ನಾನು ಮೊದಲು ನೋಡಿದ್ದು ಅವನ ಥಿಯೇಟರಿನಲ್ಲಿ. ಒಂದು ತುಣುಕೂ ತೆಗೆಯದೆ ದಾರಿ ಅಗಲವಾಗುತ್ತದೆ. ಬಿಗಿಯಾದ ಕುಬಸದ ತೋಳನ್ನು ದರ್ಜಿ ಬಿಚ್ಚಿ ಸಡಿಲ ಮಾಡಿದ ಹಾಗೆ. ಖುಷಿಯಿಂದ ಬಂದು ದೊಡ್ಡ ಡಾಕ್ಟರಿಗೆ ಹೇಳಿದೆ. "ರೋಗ ಇದ್ದ ಕರುಳನ್ನ ಒಳಗೇ ಬಿಟ್ಟು ಹೊಲಿಯೋದಾ? ನಿನ್ನ ಗೆಳೆಯನ ತಲಿ ನೆಟ್ಟಗದ ಏನು?" ಅಂದರು. ಆ ವರ್ಷವೇ ಅವರಿಗೆ ಸಲಾಮು ಹೊಡೆದು ಬಸವಕಲ್ಯಾಣಕ್ಕೆ ಬಂದೆ.

ಇಲ್ಲಿ ಯಜಮಾನ ನಾನೇ. ಮೇಲಿನವರ ಕಾಟ ತಪ್ಪಿತು ಅಂದುಕೊಂಡೆ. ರೋಗಿಗಳ ಕಾಟ ಎಂಥದ್ದು ಎಂದು ಆಮೇಲೆ ಗೊತ್ತಾಯಿತು.

ಚಿಟಗುಪ್ಪದಿಂದ ವೀರಶೆಟ್ಟಿ ಎಂಬ ಕಾಳಿನ ವ್ಯಾಪಾರಿ ಬರುತ್ತಿದ್ದರು. ಒಳ್ಳೆಯ ಮನುಷ್ಯ, ಮಾತು ಬೆಲ್ಲ. ಸಣ್ಣಕರುಳಿನ ಕೊನೆಯಲ್ಲಿ ಇಕ್ಕಟ್ಟು. ಬಾವು ಇಳಿಯಲಿ ಎಂದು ಸ್ಟೀರಾಯ್ಡ್ ಗುಳಿಗೆ ಕೊಟ್ಟು, ಇದನ್ನು ಇಂತಿಷ್ಟೇ ದಿನ, ಹೀಗೆ ಹೀಗೆ ಇಳಿಸುತ್ತಾ ಬಂದು ನಿಲ್ಲಿಸಬೇಕು, ಮತ್ತೆ ಬಂದು ತೋರಿಸಬೇಕು ಎಂದು ಬಾಯಿ ನೋಯುವಷ್ಟು ಹೇಳಿ ಕಳಿಸಿದೆ. ಹೋದವರು ತಿಂಗಳುಗಟ್ಟಲೆ ಪತ್ತೆಯಿಲ್ಲ. ಒಂದು ದಿನ ನಗುನಗುತ್ತಾ ಒಳಗೆ ಬಂದರು. ಮುಖ ತುಂಬಿದ ಚಂದ್ರ. ಕೆನ್ನೆ ಉಬ್ಬಿ ಕಣ್ಣು ಸಣ್ಣಗಾಗಿವೆ.

"ಡಾಕ್ಟ್ರ ಸಾಹೇಬ್ರ, ನಿಮ್ಮ ಗುಳಿಗಿ ಬಾಳ ಚಲೋ ಅವ. ಮೈ ಹ್ಯಾಂಗ ತುಂಬ್ಯಾದ ನೋಡ್ರಿ. ಅಂಗಡ್ಯಾಗ ಎಲ್ಲರೂ ಅನ್ನಾಕತ್ತಾರ, ಮಾಲಕರು ಈಗ ಮಾಲಕರಂಗ ಕಾಣ್ತಾರ ಅಂತ."

"ನಿಲ್ಲಿಸ್ರಿ ಅಂದಿದ್ದೆನಲ್ಲ ಶೆಟ್ರ?"

"ಇಷ್ಟ್ ಚಲೋ ಔಷಧ ಯಾರರೆ ನಿಲ್ಲಿಸ್ತಾರೇನ್ರಿ? ನಮ್ಮ ತಮ್ಮನ ಮಗ ಬಡಕ ಆಗ್ಯಾನಂತ ಅವನಿಗೂ ಕೊಡಾಕತ್ತೀನಿ."

ನಾನು ಕುರ್ಚಿಯಿಂದ ಎದ್ದು ನಿಂತೆ. ಏನೇನು ಬೈದೆ ಎನ್ನುವುದನ್ನು ಇಲ್ಲಿ ಬರೆಯುವುದು ಬೇಡ. ಆ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೂ ಅಪಾಯ, ಮುಂದುವರಿಸಿದರೂ ಅಪಾಯ. ಅವರನ್ನೂ ಆ ಹುಡುಗನನ್ನೂ ನಿಧಾನವಾಗಿ ಅದರಿಂದ ಇಳಿಸುವುದರಲ್ಲಿ ನನಗೆ ಸಾಕುಬೇಕಾಯಿತು. ನಮ್ಮ ಜನರಿಗೆ ಸಪೂರವಾದವನು ರೋಗಿ, ಊದಿದವನು ಆರೋಗ್ಯವಂತ. ಊತಕ್ಕೂ ಮಾಂಸಕ್ಕೂ ಫರಕು ಕೇಳುವವರು ಯಾರು?

ಅದೇ ವೀರಶೆಟ್ಟರು ನನಗೆ ಪಥ್ಯದ ಪಾಠವನ್ನೂ ಕಲಿಸಿದರು. ಇಕ್ಕಟ್ಟಾದ ಕರುಳಿಗೆ ಸಿಪ್ಪೆ, ನಾರು, ಇಡೀ ಕಾಳು ಆಗುವುದಿಲ್ಲ. ಮೆತ್ತಗಿನ ಅನ್ನ, ಬೇಳೆ ಕಟ್ಟು, ಚೆನ್ನಾಗಿ ಬೆಂದ ಸಿಪ್ಪೆಯಿಲ್ಲದ ತರಕಾರಿ, ಇಷ್ಟರಲ್ಲಿ ಇರಬೇಕು. ನಾನು ಹೀಗೆಂದ ಕೂಡಲೇ ನಮ್ಮ ಕಡೆಯ ರೋಗಿ ಕೇಳುವ ಮೊದಲ ಪ್ರಶ್ನೆ, "ಪತ್ಯ ಎಷ್ಟು ದಿನರಿ?" ದಾರಿ ಅಗಲವಾಗುವ ತನಕ ಅಂದೆ. ಆ ಉತ್ತರ ಅವರಿಗೆ ರುಚಿಸಲಿಲ್ಲ. ಊರಿನ ಔಷಧಿಗಳಿಗೆಲ್ಲ ಪಥ್ಯಕ್ಕೊಂದು ಅವಧಿ ಇರುತ್ತದೆ, ಬಿಡುವುದಕ್ಕೊಂದು ದಿನ ಇರುತ್ತದೆ. ಬಿಡುವ ದಿನ ಬೇಡ ಅಂದದ್ದನ್ನೆಲ್ಲ ಮಾಡಿ ಬಡಿಸಿ ತಿನ್ನಿಸುತ್ತಾರೆ. ತಿಂದು ದಕ್ಕಿದರೆ ರೋಗ ಹೋಯಿತು ಎಂದು ಲೆಕ್ಕ. ವೀರಶೆಟ್ಟರ ಮನೆಯ ಹಿರಿಯರು ಕೂತು, ಎಳ್ಳಮಾವಾಸ್ಯೆ ಬಂತು, ಅಂದೇ ಪಥ್ಯ ಬಿಡಲಿ ಎಂದು ತೀರ್ಮಾನ ಮಾಡಿದರು.

ಎಳ್ಳಮಾವಾಸ್ಯೆಯ ಭಜ್ಜಿ ಗೊತ್ತಲ್ಲ? ಹಸಿ ತೊಗರಿ, ಅವರೆ, ವಟಾಣಿ, ಕಡಲೆ, ಮೆಂತ್ಯೆ ಸೊಪ್ಪು, ಹೊಲದಲ್ಲಿ ಏನೇನು ಬೆಳೆದಿದೆಯೋ ಅಷ್ಟೂ ಒಂದೇ ಪಾತ್ರೆಯಲ್ಲಿ. ಜತೆಗೆ ಸಜ್ಜೆ ರೊಟ್ಟಿ. ಹೊಲದಲ್ಲಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ, ಆಮೇಲೆ ತಾವು ಉಣ್ಣುತ್ತಾರೆ. ನನ್ನನ್ನೂ ಪ್ರತಿ ವರ್ಷ ಯಾರಾದರೊಬ್ಬರು ಹೊಲಕ್ಕೆ ಕರೆದು ಕೂರಿಸಿ ಬಡಿಸುತ್ತಿದ್ದರು. ಅಷ್ಟು ರುಚಿಯಾದ ಊಟ ನಾನು ಬೇರೆಲ್ಲೂ ಉಂಡಿಲ್ಲ. ಮಾರನೆಯ ದಿನ ದವಾಖಾನೆಗೆ ಹೋಗಲು ಮಾತ್ರ ಮನಸ್ಸು ಬರುತ್ತಿರಲಿಲ್ಲ. ಆ ವರ್ಷ ವೀರಶೆಟ್ಟರು ಗಾಡಿಯಲ್ಲಿ ಮಲಗಿಕೊಂಡು ಬಂದರು. ಈ ಸಲ ಉಬ್ಬಿದ್ದು ಮುಖವಲ್ಲ, ಹೊಟ್ಟೆ. ಮೂಗಿಗೆ ನಳಿಗೆ ಹಾಕಿ, ಬಾಯಿಗೆ ಏನೂ ಕೊಡದೆ, ಸಲಾಯಿನ್ ಮೇಲೆ ಮಲಗಿಸಿದೆ. ಜೀವಕ್ಕೆ ತೊಂದರೆಯಾಗಲಿಲ್ಲ. ಸುಧಾರಿಸಿಕೊಂಡ ಮೇಲೆ ಅವರು ನನಗೇ ತಿಳಿಹೇಳಿದರು: "ಸಾಹೇಬ್ರ, ಪತ್ಯ ಅಂದ್ರ ಬಿಡೂದು ಅಂತ ಇರಬೇಕಲ್ರಿ. ಬಿಡೂದೇ ಇಲ್ಲದ ಪತ್ಯ ಅದ್ಯಾವ ಪತ್ಯರಿ?" ಮುಂದೆ ಬಲೂನು ಹಾಕಿಸಿಕೊಂಡು ಆರಾಮಾದರು. ಇಂಥವರಿಂದಾಗಿ ನಾನು ಪಥ್ಯದ ವಿಷಯದಲ್ಲಿ ಪೊಲೀಸಿನವನಂತೆ ಆಗಿಬಿಟ್ಟೆ. ಬಂದವರನ್ನೆಲ್ಲ ಕೂರಿಸಿ ಏನು ತಿಂದೆ, ಏನು ಬಿಟ್ಟೆ ಎಂದು ಜಬರಿಸುತ್ತಿದ್ದೆ. ಇನ್ನು ನನಗೆ ಯಾರೂ ಮೋಸ ಮಾಡಲಾರರು ಅಂದುಕೊಂಡಿದ್ದೆ.

ಆ ಹೊತ್ತಿಗೆ ಮಂಠಾಳದ ಶರಣಮ್ಮ ತನ್ನ ಮಗಳು ಅಂಬಿಕಾಳನ್ನು ಕರೆದುಕೊಂಡು ಬಂದಳು.

ಶರಣಮ್ಮನಿಗೆ ಗಂಡ ಇಲ್ಲ. ತುಂಡು ಹೊಲ ಇದೆ, ಬೇರೆಯವರ ಹೊಲಕ್ಕೂ ಕೂಲಿಗೆ ಹೋಗುತ್ತಾಳೆ. ಅಂಬಿಕಾ ಒಬ್ಬಳೇ ಮಗಳು, ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಬಂದು ಕಾಲೇಜು ಓದುತ್ತಿದ್ದಳು. ಅವಳಿಗೆ ಆಗಲೇ ಬೇರೆ ಊರಿನಲ್ಲಿ ಒಂದು ತುರ್ತು ಆಪರೇಷನ್ ಆಗಿ, ಸಣ್ಣಕರುಳಿನ ದೊಡ್ಡ ಭಾಗವನ್ನೇ ತೆಗೆದುಬಿಟ್ಟಿದ್ದರು. ಮತ್ತೆ ಹೊಟ್ಟೆನೋವು ಶುರುವಾಗಿತ್ತು. ಕಲಬುರಗಿಗೆ ಕಳಿಸಿ ಸ್ಕ್ಯಾನ್ ಮಾಡಿಸಿದೆ. ಉಳಿದ ಕರುಳಿನಲ್ಲಿ ಒಂದಲ್ಲ, ಹಲವು ಕಡೆ ಇಕ್ಕಟ್ಟು. ಇನ್ನೊಂದು ಸಲ ಅವಸರದಲ್ಲಿ ಹೊಟ್ಟೆ ತೆರೆದು ಯಾರಾದರೂ ಎಲ್ಲವನ್ನೂ ಒಟ್ಟಿಗೆ ಕತ್ತರಿಸಿದರೆ, ಈ ಹುಡುಗಿ ಬಾಯಿಂದ ಉಂಡು ಬದುಕುವಷ್ಟು ಕರುಳು ಉಳಿಯುವುದಿಲ್ಲ. ಆಮೇಲೆ ದಿನವೂ ರಕ್ತನಾಳದ ಮೂಲಕ ಆಹಾರ ಕೊಟ್ಟು ಬದುಕಿಸಬೇಕು. ಮಂಠಾಳದಲ್ಲಿ ಅದು ಆಗುವ ಮಾತೇ?

ತಾಯಿಯನ್ನೂ ಮಗಳನ್ನೂ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದೆ. ಔಷಧಿಯಿಂದ ಬಾವು ಇಳಿಸೋಣ, ಮೈಯಲ್ಲಿ ಸ್ವಲ್ಪ ಶಕ್ತಿ ಬರಲಿ, ಆಮೇಲೆ ಹೈದರಾಬಾದಿನ ನನ್ನ ಗೆಳೆಯನ ಹತ್ತಿರ ಕಳಿಸುತ್ತೇನೆ, ಅವನು ಕತ್ತರಿಸದೆ ಹಿಗ್ಗಿಸುತ್ತಾನೆ. ಅಲ್ಲಿಯ ತನಕ ಕರುಳು ಮುಚ್ಚಿಹೋಗಬಾರದು. ಮುಚ್ಚಿದರೆ ಮತ್ತೆ ತುರ್ತು ಆಪರೇಷನ್, ಮತ್ತೆ ಕತ್ತರಿ. ಅದಕ್ಕೇ ಪಥ್ಯ ಕಡಕ್ ಆಗಿ ಮಾಡಬೇಕು. ಶರಣಮ್ಮ ಪ್ರತಿ ಮಾತಿಗೂ ತಲೆಯಾಡಿಸಿದಳು. ಪಥ್ಯ ಎಷ್ಟು ದಿನ ಎಂದು ಕೇಳಲಿಲ್ಲ. ನನಗೆ ಅಷ್ಟರಲ್ಲೇ ಅವಳ ಮೇಲೆ ಗೌರವ ಹುಟ್ಟಿತು.

ಅವರು ತಪ್ಪದೆ ಬರುತ್ತಿದ್ದರು. ಪ್ರತಿ ಸಲವೂ ನನ್ನ ಜಬರ್ದಸ್ತಿನ ತಪಾಸಣೆ.

"ಪತ್ಯ ನಡದದೇನವ್ವಾ?"

"ಬರೋಬ್ಬರಿ ನಡದದರಿ ಸಾಹೇಬ್ರ. ಒಂದ ಹೊತ್ತು ತಪ್ಪಿಲ್ಲರಿ."

"ರೊಟ್ಟಿ?"

"ಮುಟ್ಟಿಲ್ಲರಿ."

"ಕಾಳುಪಲ್ಯ, ಶೇಂಗಾ?"

"ಬಿಲ್ಕುಲ್ ಇಲ್ರಿ. ಮೆತ್ತನ ಅನ್ನ, ಬ್ಯಾಳಿ ಕಟ್ಟು. ಅಷ್ಟ."

ಅಂಬಿಕಾ ಆಗೆಲ್ಲ ಮೊಬೈಲು ನೋಡುತ್ತಾ ಕೂತಿರುತ್ತಿದ್ದಳು. ಅವಳನ್ನು ನಾನು ಗುಳಿಗೆ ನುಂಗಿದೆಯಾ ಎಂದಷ್ಟೇ ಕೇಳುತ್ತಿದ್ದೆ. ನುಂಗಿದೀನ್ರಿ ಸರ್ ಅನ್ನುತ್ತಿದ್ದಳು. ಅದು ನಿಜವೂ ಆಗಿತ್ತು, ರಕ್ತಪರೀಕ್ಷೆಯಲ್ಲಿ ಬಾವು ಇಳಿಯುತ್ತಿರುವುದು ಕಾಣುತ್ತಿತ್ತು. ಆದರೆ ಉಂಡ ಮೇಲೆ ಹೊಟ್ಟೆ ಮುರಿಯುವುದು ಮಾತ್ರ ನಿಲ್ಲಲಿಲ್ಲ. ವಾರಕ್ಕೊಮ್ಮೆಯಾದರೂ ವಾಂತಿ. ನನಗೆ ಅರ್ಥವೇ ಆಗದು. ಇಷ್ಟು ಶಿಸ್ತಿನ ಪಥ್ಯ, ಔಷಧಿಯೂ ಹತ್ತುತ್ತಿದೆ, ಆದರೂ ಯಾಕೆ ಹೀಗೆ? ಹೈದರಾಬಾದಿಗೆ ಫೋನು ಮಾಡಿ ಗೆಳೆಯನ ತಲೆ ತಿಂದೆ. ದಾರಿ ಗಟ್ಟಿಯಾಗಿ ಮುಚ್ಚುತ್ತಿರಬೇಕು, ಬೇಗ ಕಳಿಸು ಅಂದ. ಹುಡುಗಿಯ ತೂಕ ಏರಲಿ ಎಂದು ನಾನು ಕಾಯುತ್ತಿದ್ದೆ. ತಾಯಿ ಸೊರಗುತ್ತಿದ್ದದ್ದೂ ಕಣ್ಣಿಗೆ ಬಿದ್ದಿತ್ತು. ಮಗಳ ಚಿಂತೆಯಲ್ಲಿ ಹೀಗಾಗಿದ್ದಾಳೆ ಅಂದುಕೊಂಡೆ. ಬೇರೆ ರೋಗಿಗಳಿಗೆ ಅವಳನ್ನೇ ತೋರಿಸಿ, ಪಥ್ಯ ಅಂದರೆ ಈಕೆಯನ್ನು ನೋಡಿ ಕಲಿಯಿರಿ ಎಂದು ಭಾಷಣ ಬಿಗಿಯುತ್ತಿದ್ದೆ.

ಎಳ್ಳಮಾವಾಸ್ಯೆಯ ಮಾರನೆಯ ದಿನ ಬೆಳಿಗ್ಗೆ ಅಂಬಿಕಾಳನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ಹೊಟ್ಟೆ ಉಬ್ಬಿ ಬಿಗಿದಿತ್ತು. ಮುಟ್ಟಿದರೆ ಚೀರುತ್ತಿದ್ದಳು. ಹಾಸಿಗೆಗೆ ಏರಿಸುವಷ್ಟರಲ್ಲಿ ವಾಂತಿ ಮಾಡಿಕೊಂಡಳು. ನಮ್ಮ ಸಿಸ್ಟರ್ ಹಿಡಿದ ಬೋಗುಣಿಯಲ್ಲಿ ನೋಡಿದೆ. ತೊಗರಿ ಸಿಪ್ಪೆ, ಅವರೆ ಸಿಪ್ಪೆ, ಇಡಿಇಡಿಯಾಗಿ ವಟಾಣಿ.

ನಾನು ಶರಣಮ್ಮನ ಕಡೆ ತಿರುಗಿದೆ.

"ಇದೇನಿದು? ಭಜ್ಜಿ ತಿನ್ನಿಸೀಯಲ್ಲ?"

"ಆಕಿ ತಿಂದಾಳರಿ. ಹೊಲಕ ಹೋಗಿದ್ವಿ."

"ಪತ್ಯ ಮುರಿದ್ರ ಏನಾಗ್ತದಂತ ಹೇಳಿರಲಿಲ್ಲೇನು ನಿನಗ?"

"ಪತ್ಯ ಮುರದಿಲ್ರಿ ಸಾಹೇಬ್ರ," ಅಂದಳು ಶರಣಮ್ಮ. ಅವಳ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. "ನಿನ್ನೆ ಹೊಲದಾಗ ಎಲ್ಲರೂ ಒತ್ತಾಯ ಮಾಡಿದ್ರು. ನಾ ಒಂದು ಕಾಳು ಬಾಯಾಗ ಹಾಕಿಲ್ರಿ. ಬುತ್ತಿ ಕಟ್ಟಿಕೊಂಡು ಹೋಗಿದ್ದ ಅನ್ನಾನೇ ಉಂಡೀನಿ."

"ನೀನು? ನೀ ಯಾಕ?"

"ಮತ್ತ ಯಾರು ಮಾಡಬೇಕ್ರಿ ಪತ್ಯ? ತಾಯಿ ನಾ ಇದ್ದೀನಲ್ರಿ."

ವಿಷಯ ಏನೆಂದರೆ, ಹಾಲು ಕುಡಿಯುವ ಕೂಸಿಗೆ ಕಾಯಿಲೆಯಾದರೆ ನಮ್ಮ ಹಳ್ಳಿಗಳಲ್ಲಿ ಕೂಸಿಗೆ ಔಷಧಿ, ತಾಯಿಗೆ ಪಥ್ಯ. ಮೊಲೆ ಕುಡಿಯುವ ಕೂಸು ತಾನಾಗಿ ಏನು ಪಥ್ಯ ಮಾಡೀತು? ತಾಯಿ ಬಾಯಿ ಕಟ್ಟಿದರೆ ಹಾಲಿನ ಮೂಲಕ ಮಗುವಿಗೆ ಹತ್ತುತ್ತದೆ ಎಂದು ನಂಬಿಕೆ. ಅಂಬಿಕಾ ಕೂಸಾಗಿದ್ದಾಗ ಭೇದಿಯಾಗಿ ಸಾಯುವ ಹಾಗಾಗಿದ್ದಳಂತೆ. ಊರಿನ ವೈದ್ಯ ಬೇರು ತೇಯ್ದು ಕೊಟ್ಟು ತಾಯಿಗೆ ಪಥ್ಯ ಹೇಳಿದ್ದ. ಶರಣಮ್ಮ ಉಪ್ಪು ಅನ್ನ ಉಂಡುಕೊಂಡು ಇದ್ದಳು. ಮಗಳು ಬದುಕಿದಳು. ಈಗ ನಾನೂ ಮಗಳಿಗೆ ಗುಳಿಗೆ ಕೊಟ್ಟು, ತಾಯಿಯ ಮುಖ ನೋಡಿಕೊಂಡು ಪಥ್ಯ ಹೇಳಿದ್ದೆ. ಅವಳಿಗೆ ಅದರಲ್ಲಿ ಸಂಶಯಪಡುವಂಥದ್ದು ಏನೂ ಕಾಣಲಿಲ್ಲ. ಒಂದು ವರ್ಷದ ಹತ್ತಿರ ಅವಳು ರೊಟ್ಟಿ ಮುಟ್ಟಿರಲಿಲ್ಲ. ಕೂಲಿ ಮಾಡುವ ಹೆಂಗಸು, ಮೆತ್ತನ್ನದ ಮೇಲೆ. ನಾನು ಕೇಳಿದಾಗಲೆಲ್ಲ ನಿಜವನ್ನೇ ಹೇಳಿದ್ದಳು.

"ಆಕಿ ಕೂಸಲ್ಲ!" ಎಂದು ಕೂಗಿದೆ. "ಕಾಲೇಜಿಗಿ ಹೋಗ್ತಾಳ! ನೀ ಅನ್ನ ಉಂಡ್ರ ಆಕಿ ಕರುಳಿಗಿ ಹ್ಯಾಂಗ ಹತ್ತಬೇಕು? ತಲ್ಯಾಗ ಏನರೆ ಅದ ಏನು?"

ಇಡೀ ವಾರ್ಡು ನನ್ನನ್ನೇ ನೋಡುತ್ತಿತ್ತು. ಸಿಸ್ಟರ್ ಮೆಲ್ಲಗೆ "ಸರ್, ಸಾಕ್ರಿ" ಅಂದಳು. ಶರಣಮ್ಮ ಗಾಬರಿಯಾದಳು. ಆದರೆ ನಾನು ಅಂದುಕೊಂಡ ಕಾರಣಕ್ಕಲ್ಲ.

"ಸಾಹೇಬ್ರ, ಒಂದು ಮಾತು ಮುಚ್ಚಿಟ್ಟಿದ್ದೆರಿ," ಅಂದಳು ಕೈ ಮುಗಿದು. "ದಸರಾದ ಮುಂದ ಶೇಂಗಾ ಹರಿಯಾಕ ಹೋಗಿದ್ದೆ. ಹಸಿವಿ ತಡೀಲಾರದ ಎರಡು ಕಾಳು ಬಾಯಾಗ ಹಾಕ್ಕೊಂಡಿದ್ದೆ. ನೆನಪಾಗಿ ಉಗುಳಿದೆರಿ. ಒಂದು ಒಳಗ ಹೋಗಿತ್ತೋ ಏನೋ. ಅದಕ್ಕೇ ಹಿಂಗಾಯ್ತೇನ್ರಿ ಈಕಿಗಿ?"

ನನ್ನ ಸಿಟ್ಟಿಗೆ ನಿಲ್ಲಲು ಜಾಗವೇ ಇಲ್ಲದಂತಾಯಿತು. ಆದರೆ ಅದು ಆರಲಿಲ್ಲ, ಮಗಳ ಕಡೆ ತಿರುಗಿತು. ಮೂಗಿಗೆ ನಳಿಗೆ ಹಾಕಿದ ಮೇಲೆ ಹೊಟ್ಟೆ ಸ್ವಲ್ಪ ಇಳಿದು ಅಂಬಿಕಾ ಉಸಿರಾಡುತ್ತಿದ್ದಳು. ನಿನಗಾದರೂ ಗೊತ್ತಿರಲಿಲ್ಲವೇ ಎಂದು ಕೇಳಿದೆ.

"ಗೊತ್ತಿತ್ತು ಸರ್," ಅಂದಳು ಗೋಡೆಯ ಕಡೆ ನೋಡುತ್ತಾ. "ಫೋನ್‌ನಾಗ ಎಲ್ಲಾ ಓದಿದ್ದೆ. ಅವ್ವಗ ಒಂದ್ ಸಲ ಹೇಳ್ದೆ. ನೀ ಉಣ್ಣು, ನಾ ಅದೀನಿ ಅಂದ್ಲು. ನನಗೂ ಅದೇ ಬೇಕಾಗಿತ್ತು ಸರ್. ಎಲ್ಲರೂ ಉಣ್ಣಾಗ ನಾ ಒಬ್ಬಾಕಿ ರೋಗಿಷ್ಠರಂಗ ಅನ್ನ ಕಲಸ್ಕೊಂಡು ಕೂಡೂದು ನನಗ ಆಗ್ಲಿಲ್ಲ."

ಹೊಸ ಡಾಕ್ಟರುಗಳೇ, ನೀವು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. ಪಥ್ಯ ನಡೆದಿದೆಯೇ ಎಂದು ಕೇಳಬೇಡಿ. ನಡೆದಿದೆ ಎಂದೇ ಹೇಳುತ್ತಾರೆ, ಮತ್ತು ಅದು ನಿಜವೇ ಆಗಿರಬಹುದು. ನಿನ್ನೆ ಬೆಳಿಗ್ಗೆಯಿಂದ ನಿನ್ನ ಬಾಯಿಗೆ ಏನೇನು ಹೋಯಿತು ಎಂದು ಕೇಳಿ. ಯಾರ ಹೊಟ್ಟೆಯೋ ಅವರನ್ನೇ ಕೇಳಿ. ಪಕ್ಕದಲ್ಲಿ ಕೂತವರು ಉತ್ತರ ಕೊಡಲು ಬಂದರೆ ಹೊರಗೆ ಕಳಿಸಿ.

ಕರುಳು ತುಂಬಾ ಕಾಡಿಸಿ, ಕೊನೆಗೆ ತುಸು ದಾರಿ ಬಿಟ್ಟಿತು. ಅವಸರದ ಆಪರೇಷನ್ ತಪ್ಪಿತು. ಅವಳು ಸುಧಾರಿಸಿದ ಕೂಡಲೇ ಹೈದರಾಬಾದಿಗೆ ಕಳಿಸಿದೆ. ಆಪರೇಷನ್ನಿನ ದಿನ ನಾನು ಓಪಿಡಿಯಲ್ಲಿ ಕೂತು ಬಂದವರ ಮೇಲೆಲ್ಲ ಹಾರಾಡುತ್ತಿದ್ದೆ. ಮಧ್ಯಾಹ್ನದ ಮೇಲೆ ಗೆಳೆಯನ ಫೋನು ಬಂತು. ಹಳೆಯ ಹೊಲಿಗೆಯ ಜಾಗಕ್ಕೆ ಬಲೂನು ಸಾಕಾಯಿತು, ಉಳಿದ ಇಕ್ಕಟ್ಟುಗಳನ್ನೆಲ್ಲ ಸೀಳಿ ಅಡ್ಡ ಹೊಲಿದಿದ್ದೇನೆ, ಕರುಳಿನ ಒಂದು ತುಣುಕೂ ತೆಗೆದಿಲ್ಲ ಅಂದ. ನಾನು ಫೋನು ಇಟ್ಟು ಒಳಗಿನ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಒಬ್ಬನೇ ಕೂತೆ. ಸಂತೋಷಕ್ಕೆ ಅಳು ಬಂದಿತ್ತು, ಅದನ್ನು ಯಾಕೆ ಮುಚ್ಚಿಡಲಿ.

ಅಲ್ಲಿಂದ ಬಿಟ್ಟ ಮೇಲೆ ಮೈ ಗಟ್ಟಿಯಾಗಲಿ ಎಂದು ಅಂಬಿಕಾಳನ್ನು ಕೆಲವು ದಿನ ನನ್ನ ದವಾಖಾನೆಯಲ್ಲೇ ಇಟ್ಟುಕೊಂಡೆ. ಹೊಲಿಗೆಗಳು ಕೂಡುವ ತನಕ ಮೆತ್ತಗಿನ ಊಟ, ಆಮೇಲೆ ಒಂದೊಂದಾಗಿ ಉಳಿದದ್ದು, ಗುಳಿಗೆ ಮಾತ್ರ ಬಿಡುವ ಹಾಗಿಲ್ಲ. ಇದೆಲ್ಲವನ್ನೂ ಈ ಸಲ ಅಂಬಿಕಾಳಿಗೇ ಹೇಳಿದೆ. ಇನ್ನೇನು ಎಲ್ಲ ಸರಿಹೋಯಿತು ಅನ್ನುವಾಗ ಶರಣಮ್ಮ ವಾರ್ಡಿನ ಬಾಗಿಲಲ್ಲಿ ತಲೆ ಸುತ್ತಿ ಕುಸಿದು ಕೂತಳು. ಪರೀಕ್ಷೆ ಮಾಡಿ ನೋಡಿದರೆ ಮೈಯಲ್ಲಿ ರಕ್ತವೇ ಇಲ್ಲ. ನೋಡಿದೆ, ಅವಳ ಪಕ್ಕದಲ್ಲಿ ಡಬ್ಬಿ. ಡಬ್ಬಿಯಲ್ಲಿ ಮೆತ್ತನ್ನ.

"ಇನ್ನೂ ಬಿಟ್ಟಿಲ್ಲೇನು?" ಎಂದು ಸಿಡಿದೆ.

"ಈಕಿ ಆರಾಮಾಗೂ ತನಕ ಬಿಡಲ್ರಿ. ನೀವು ಹೇಳಿದ್ದು ಖರೇ ಇರಬಹುದು. ಆದ್ರ ನಾ ಬಿಟ್ಟು, ಆಕಿ ಹೊಲಿಗಿ ಬಿಚ್ಚಿದ್ರ ನಾ ಏನು ಮಾಡ್ಲಿ?"

ಹೇಳಿದೆ, ಬೈದೆ, ಕರುಳಿನ ಚಿತ್ರ ಬರೆದು ತೋರಿಸಿದೆ. ಎಲ್ಲದಕ್ಕೂ ಹೌದ್ರಿ ಅಂದಳು. ಡಬ್ಬಿ ಮಾತ್ರ ಕೈಯಿಂದ ಬಿಡಲಿಲ್ಲ. ಅಷ್ಟು ವರ್ಷ ಜನರ ಹೊಟ್ಟೆ ತೆರೆದು ಮುಚ್ಚಿದ ನನಗೆ ಒಬ್ಬ ಹೆಂಗಸಿನ ಬಾಯಿಗೆ ಒಂದು ತುತ್ತು ರೊಟ್ಟಿ ಹಾಕಿಸಲು ಆಗಲಿಲ್ಲ.

ಅಂಬಿಕಾ ಹಾಸಿಗೆಯ ಮೇಲೆ ಎದ್ದು ಕೂತು ಎಲ್ಲವನ್ನೂ ನೋಡುತ್ತಿದ್ದಳು. ಸಿಸ್ಟರಿಗೆ ಹೇಳಿ ಎದುರಿನ ಖಾನಾವಳಿಯಿಂದ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ತರಿಸಿದಳು. ತಾಯಿಯ ಕೈಯಿಂದ ಡಬ್ಬಿ ಕಿತ್ತುಕೊಂಡು ಆ ತಟ್ಟೆಯನ್ನು ಅವಳ ತೊಡೆಯ ಮೇಲಿಟ್ಟಳು.

"ಅವ್ವಾ, ಉಣ್ಣು."

"ನೀ ಮೊದಲ ಆರಾಮಾಗವ್ವಾ."

"ನೀ ಪತ್ಯ ಮಾಡಿದ್ರ ನಾ ಆರಾಮಾಗಲ್ಲ. ನೀ ತಿಂದ್ರ ನನಗೇನೂ ಆಗಲ್ಲ. ನಿನ್ನ ಹೊಟ್ಟಿ ಬ್ಯಾರೆ, ನನ್ನ ಹೊಟ್ಟಿ ಬ್ಯಾರೆ, ಅವ್ವಾ."

ಮಗಳು ಕೆನ್ನೆಗೆ ಹೊಡೆದಳೋ ಎಂಬಂತೆ ಶರಣಮ್ಮ ಅವಳನ್ನು ನೋಡಿದಳು. ನಾನು ಅಷ್ಟೆಲ್ಲ ಕೂಗಾಡಿದಾಗಲೂ ಅಳದವಳು ಈಗ ಅತ್ತಳು. ಅಂಬಿಕಾ ತಾನೇ ರೊಟ್ಟಿ ಮುರಿದು, ಪಲ್ಯ ಹಚ್ಚಿ, ತಾಯಿಯ ಬಾಯಿಗೆ ಇಟ್ಟಳು. ಶರಣಮ್ಮ ಬಹಳ ಹೊತ್ತು ಅದನ್ನು ಬಾಯಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ಮಗಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಹೆದರುತ್ತಾ ಹೆದರುತ್ತಾ, ನುಂಗಿದಳು. ಏನೂ ಆಗಲಿಲ್ಲ. ಎರಡನೆಯ ತುತ್ತನ್ನು ತಾನೇ ಮುರಿದುಕೊಂಡಳು.

ಅಂಬಿಕಾ ತಾಯಿ ಅಗಿಯುವುದನ್ನೇ ನೋಡುತ್ತಿದ್ದಳು. ಪುಂಡಿಪಲ್ಯದ ಹುಳಿ ವಾಸನೆ ವಾರ್ಡಿನ ತುಂಬ ಇತ್ತು. ಅವಳ ಬಾಯಲ್ಲಿ ನೀರೂರಿ ಗಂಟಲು ಏರಿಳಿದದ್ದು ನನಗೆ ಕಂಡಿತು. ಯಾರನ್ನೂ ಏನೂ ಕೇಳದೆ ಅವಳು ತಾಯಿಯ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಮುಚ್ಚಳ ತೆಗೆದು, ಆ ಮೆತ್ತನ್ನವನ್ನು ಉಣ್ಣತೊಡಗಿದಳು.